ಫೋಲ್ಡರ್ ಅಲ್ಲೇ ಇದೆ, ನಿಮಗೆ ಕಾಣ್ತಿಲ್ಲ ಅಷ್ಟೇ

ಪಕ್ಕದವರ ಕಂಪ್ಯೂಟರಿನಲ್ಲಿ ‘ಲೆಕ್ಕಪತ್ರ’ ಅನ್ನೋ ಶೇರ್ಡ್ ಫೋಲ್ಡರ್ ಆರಾಮಾಗಿ ತೆರೆದುಕೊಂಡಿದೆ. ನಿಮ್ಮ ಸ್ಕ್ರೀನ್ ಮೇಲೆ ಅದರ ಹೆಸರೂ ಇಲ್ಲ. ಸರ್ವರ್ ಅದೇ, ನೆಟ್‌ವರ್ಕೂ ಅದೇ. ಇಂಥ ಹೊತ್ತಲ್ಲಿ ಬಹಳ ಜನ ‘ಎವ್ರಿಒನ್’ಗೆ (ಅಂದರೆ ಎಲ್ಲರಿಗೂ) ‘ಫುಲ್ ಕಂಟ್ರೋಲ್’ (ಪೂರ್ತಿ ಹಕ್ಕು) ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಫೋಲ್ಡರ್ ತೆರೆಯುತ್ತದೆ, ನಿಜ. ಆದರೆ ಮುಂದೆ ಯಾರದೋ ಒಂದು ಕಂಪ್ಯೂಟರಿಗೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಪ್ರೋಗ್ರಾಂ) ಹೊಕ್ಕರೆ, ಅವರು ಎಲ್ಲೆಲ್ಲಿ ಬರೆಯಬಹುದೋ ಅಲ್ಲೆಲ್ಲ ಅದೂ ಕೈಯಾಡಿಸುತ್ತದೆ. ದಯವಿಟ್ಟು ಈ ದಾರಿ ಹಿಡಿಯಬೇಡಿ. ಸರ್ವರ್ ಯಾವ ಬಾಗಿಲಲ್ಲಿ ತಡೆಯಿತು ಅಂತ ಮೊದಲು ಹುಡುಕಿ.

‘ಕಾಣ್ತಿಲ್ಲ’ ಮತ್ತು ‘ತೆರೀತಿಲ್ಲ’ ಎರಡೂ ಬೇರೆ ಬೇರೆ ದೂರುಗಳು. ಲಿನಕ್ಸ್‌ನಲ್ಲಿ ಈ ವ್ಯತ್ಯಾಸ ಬಹಳ ಚೆನ್ನಾಗಿ ಕಾಣುತ್ತದೆ. ಅಲ್ಲಿ ಫೋಲ್ಡರಿನ ‘ರೀಡ್’ ಪರ್ಮಿಷನ್ ಅಂದರೆ ಒಳಗಿರುವ ಹೆಸರುಗಳ ಪಟ್ಟಿ ನೋಡುವ ಹಕ್ಕು. ‘ಎಕ್ಸಿಕ್ಯೂಟ್’ ಅಂದರೆ ಆ ಫೋಲ್ಡರ್ ದಾಟಿ ಒಳಗೆ ಹೋಗುವ ಹಕ್ಕು. ಎರಡನೆಯದು ಮಾತ್ರ ಇದ್ದರೆ ಪಟ್ಟಿ ಸಿಗುವುದಿಲ್ಲ. ಆದರೆ ಫೈಲಿನ ಹೆಸರು ಗೊತ್ತಿದ್ದು, ಆ ಫೈಲನ್ನು ಓದುವ ಪರ್ಮಿಷನ್ ಇದ್ದರೆ ಅದು ತೆರೆಯುತ್ತದೆ!

ವಿಂಡೋಸ್‌ನಲ್ಲಿ ಪರೀಕ್ಷೆ ಸುಲಭ. ಫೈಲ್ ಎಕ್ಸ್‌ಪ್ಲೋರರ್‌ನ ಅಡ್ರೆಸ್ ಬಾರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ (\), ಸರ್ವರ್ ಹೆಸರು, ಇನ್ನೊಂದು ಬ್ಯಾಕ್‌ಸ್ಲ್ಯಾಶ್, ಫೋಲ್ಡರ್ ಹೆಸರು, ಇಷ್ಟು ಟೈಪ್ ಮಾಡಿ ಎಂಟರ್ ಒತ್ತಿ. ತೆರೆದರೆ ಪರ್ಮಿಷನ್ ಸರಿಯಾಗಿದೆ, ಕೆಟ್ಟಿರುವುದು ಪಟ್ಟಿ ಮಾತ್ರ. ಶೇರ್ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಇದ್ದರೆ ವಿಂಡೋಸ್ ಅದನ್ನು ಪಟ್ಟಿಯಲ್ಲಿ ತೋರಿಸುವುದೇ ಇಲ್ಲ. ‘ಆಕ್ಸೆಸ್ ಡಿನೈಡ್’ ಬಂದರೆ ಮಾತ್ರ ಪರ್ಮಿಷನ್ ಕಡೆ ಹೋಗಿ. ಓದುವ ಹಕ್ಕಿಲ್ಲದ ಒಳಫೋಲ್ಡರುಗಳ ಹೆಸರನ್ನೂ ಮರೆಮಾಡುವ ‘ಆಕ್ಸೆಸ್ ಬೇಸ್ಡ್ ಎನ್ಯೂಮರೇಷನ್’ ಎಂಬ ಸೌಲಭ್ಯವೂ ಇದೆ. ಅದು ಚಾಲೂ ಇದ್ದರೆ ಪರ್ಮಿಷನ್ ಸಮಸ್ಯೆಯೇ ಫೋಲ್ಡರ್ ಮಾಯವಾದ ಹಾಗೆ ಕಾಣುತ್ತದೆ.

ಪರ್ಮಿಷನ್‌ಗೂ ಎರಡು ಬಾಗಿಲು. ಹೊರಗಿನದು ಶೇರ್ ಪರ್ಮಿಷನ್, ಒಳಗಿನದು ಡಿಸ್ಕ್ ಮೇಲಿನ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಪರ್ಮಿಷನ್. ಎರಡೂ ಬಾಗಿಲು ಒಪ್ಪಿದಷ್ಟೇ ಕೆಲಸ ನಡೆಯುತ್ತದೆ. ಒಳಗೆ ‘ಮಾಡಿಫೈ’ (ಬದಲಾಯಿಸುವ ಹಕ್ಕು) ಇದ್ದು ಹೊರಗೆ ಬರೀ ‘ರೀಡ್’ ಇದ್ದರೆ ಓದಬಹುದು, ಸೇವ್ ಆಗುವುದಿಲ್ಲ. ಸರ್ವರ್ ಮುಂದೆಯೇ ಕೂತು ಡ್ರೈವ್‌ನಿಂದ ನೇರವಾಗಿ ಫೋಲ್ಡರ್ ತೆರೆದರೆ ಹೊರಬಾಗಿಲು ಎದುರಾಗುವುದೇ ಇಲ್ಲ. ‘ಇಲ್ಲಿ ಸರಿಯಾಗೇ ಇದೆಯಲ್ಲ’ ಅಂತ ಅಡ್ಮಿನ್ ಹೇಳುವುದು ಇದಕ್ಕೇ. ಅವರು ಹೇಳುವುದೂ ಸುಳ್ಳಲ್ಲ.

ನನಗೆ ತುಂಬಾ ಇಷ್ಟವಾದ ಭಾಗ ಮುಂದಿನದು. ಹೊಸದಾಗಿ ಸೇರಿದವರನ್ನು ‘ಲೆಕ್ಕಪತ್ರ’ ಗ್ರೂಪಿಗೆ ಸೇರಿಸಿದ್ದೀರಿ. ಎರಡೂ ಬಾಗಿಲಲ್ಲಿ ಗ್ರೂಪಿನ ಹೆಸರಿದೆ. ಆದರೂ ‘ಆಕ್ಸೆಸ್ ಡಿನೈಡ್’. ಯಾಕೆ? ಯಾರೇ ಲಾಗಿನ್ ಆದ ಕ್ಷಣದಲ್ಲೇ ವಿಂಡೋಸ್ ಅವರಿಗೊಂದು ಟೋಕನ್ ಮಾಡಿಕೊಡುತ್ತದೆ. ಅವರು ಯಾರು, ಯಾವ ಯಾವ ಗ್ರೂಪಿನಲ್ಲಿದ್ದಾರೆ ಅನ್ನೋದು ಅದರಲ್ಲಿರುತ್ತದೆ. ಎಲ್ಲರ ಅಕೌಂಟುಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಡೊಮೈನ್ ನೆಟ್‌ವರ್ಕ್‌ನಲ್ಲಿ, ಸರ್ವರ್‌ಗೆ ಗುರುತಿನ ಚೀಟಿಯ ಹಾಗೆ ತೋರಿಸುವ ಕೆರ್ಬರೋಸ್ ಟಿಕೆಟ್‌ನಲ್ಲೂ ಇಂಥದ್ದೇ ಪಟ್ಟಿ ಇರುತ್ತದೆ. ಬೆಳಿಗ್ಗೆ ಲಾಗಿನ್ ಆಗಿ, ಮಧ್ಯಾಹ್ನ ಗ್ರೂಪಿಗೆ ಸೇರಿದರೆ, ಕೈಯಲ್ಲಿರುವುದು ಬೆಳಗಿನ ಪಟ್ಟಿಯೇ. ಪೂರ್ತಿ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆದರೆ ಹೊಸ ಪಟ್ಟಿ ಬರುತ್ತದೆ. ಅರ್ಧ ದಿನ ತಲೆಕೆಡಿಸಿಕೊಂಡ ಸಮಸ್ಯೆ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಆ ಪಟ್ಟಿಯಲ್ಲಿ ಇರುವುದು ಹೆಸರುಗಳಲ್ಲ, ಎಸ್‌ಐಡಿ ಎಂಬ ಉದ್ದನೆಯ ಸಂಖ್ಯೆಗಳು. ಹಾಗಾಗಿ ಅಕೌಂಟಿನ ಹೆಸರು ಬದಲಾಯಿಸಿದರೆ ಏನೂ ಆಗುವುದಿಲ್ಲ. ಡಿಲೀಟ್ ಮಾಡಿ ಅದೇ ಹೆಸರಲ್ಲಿ ಹೊಸದು ಮಾಡಿದರೆ ಹಳೆಯ ಹಕ್ಕೆಲ್ಲ ಹೋಯ್ತು. ಸರ್ವರ್‌ನ ಕಣ್ಣಿಗೆ ಅವರು ಬೇರೆಯೇ ವ್ಯಕ್ತಿ, ಅಲ್ವಾ? ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿರುವ ಸೆಕ್ಯುರಿಟಿ ಟ್ಯಾಬ್‌ನಲ್ಲಿ ಹೆಸರಿನ ಬದಲು ‘ಎಸ್-1-5-21’ ಅಂತ ಶುರುವಾಗುವ ಸಾಲು ಕಂಡರೆ, ಸಾಮಾನ್ಯವಾಗಿ ಅದು ಡಿಲೀಟ್ ಆದ ಅಕೌಂಟಿನ ಗುರುತು.

ಇಷ್ಟೆಲ್ಲ ಸರಿಯಿದ್ದು ಒಂದೇ ಒಂದು ಫೈಲ್ ಮಾತ್ರ ಹಟ ಹಿಡಿದರೆ, ಅದು ಎಲ್ಲಿಂದ ಬಂತು ಅಂತ ವಿಚಾರಿಸಿ. ಕಾಪಿ ಮಾಡಿದ ಫೈಲ್ ಹೊಸ ಫೋಲ್ಡರಿನ ಪರ್ಮಿಷನ್ ತೆಗೆದುಕೊಳ್ಳುತ್ತದೆ. ಅದೇ ಡ್ರೈವ್ ಒಳಗೆ ಮೂವ್ ಮಾಡಿದ್ದು ತನ್ನ ಹಳೆಯ ಪರ್ಮಿಷನ್ ಜೊತೆಗೇ ಬಂದಿರಬಹುದು. ಅಂಥ ಫೈಲಿನ ‘ಅಡ್ವಾನ್ಸ್ಡ್ ಸೆಕ್ಯುರಿಟಿ’ಯಲ್ಲಿ ‘ಎಫೆಕ್ಟಿವ್ ಆಕ್ಸೆಸ್’ ತೆರೆದು ಬಳಕೆದಾರರ ಹೆಸರು ಕೊಡಿ. ಅವರಿಗೆ ಏನು ಮಾಡಬಹುದು, ಏನು ಆಗದು ಅಂತ ಸಾಲು ಸಾಲಾಗಿ ಅಲ್ಲೇ ತೋರಿಸುತ್ತದೆ.