ಮಾಧ್ಯಮ ತಿಳಿಯಾಗಿದ್ದರೂ ಕೋಶಗಳು ಸೊರಗುವುದೇಕೆ?

ಪ್ರಶ್ನೆ: ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದೇನೆ. ಮಾಧ್ಯಮ, ಅಂದರೆ ಕೋಶಗಳು ಬೆಳೆಯುವ ಪೋಷಕ ದ್ರವ, ತಿಳಿಯಾಗಿದೆ, ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಕಾಣುವುದಿಲ್ಲ. ಆದರೆ ನಾಲ್ಕೇ ದಿನಕ್ಕೆ ತುಂಬುತ್ತಿದ್ದ ಫ್ಲಾಸ್ಕ್ ಈಗ ವಾರವಾದರೂ ತುಂಬುತ್ತಿಲ್ಲ. ಇದು ಸೋಂಕೇ? ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಆಂಟಿಬಯಾಟಿಕ್‌ಗಳ ಪ್ರಮಾಣ ಹೆಚ್ಚಿಸಿದರೆ ಸಾಕೇ?

ಉತ್ತರ: ಮಾಧ್ಯಮಕ್ಕೆ ಬೆರೆಸುವ ಸೀರಮ್‌ನ ಬ್ಯಾಚ್ ಬದಲಾಗಿದ್ದರೂ, ಇನ್‌ಕ್ಯುಬೇಟರ್‌ನ ಇಂಗಾಲದ ಡೈಆಕ್ಸೈಡ್ ಮಟ್ಟ ತಪ್ಪಿದ್ದರೂ ಬೆಳವಣಿಗೆ ಕುಂಠಿತವಾಗುತ್ತದೆ, ಅವನ್ನು ಒಮ್ಮೆ ನೋಡಿಬಿಡಿ. ಆದರೆ ಔಷಧದ ಪ್ರಮಾಣವನ್ನು ಮಾತ್ರ ಹೆಚ್ಚಿಸಬೇಡಿ.

ಸಾಮಾನ್ಯ ಬ್ಯಾಕ್ಟೀರಿಯಾ ಹೊಕ್ಕರೆ ಬೆಳಗಾಗುವುದರೊಳಗೆ ಮಾಧ್ಯಮ ಕದಡಿ, ಆಮ್ಲ ಹೆಚ್ಚಿ, ಅದರಲ್ಲಿರುವ ಸೂಚಕ ಬಣ್ಣ ಫೀನಾಲ್ ರೆಡ್‌ನ ಕೆಂಪು ಹಳದಿಗೆ ತಿರುಗಿರುತ್ತದೆ. ಯೀಸ್ಟ್ ಮಣಿಸರದಂತೆಯೂ ಬೂಷ್ಟು ನೂಲಿನ ಸಿಕ್ಕಿನಂತೆಯೂ ಕಣ್ಣಿಗೆ ಬೀಳುತ್ತವೆ. ಅಲ್ಲಿ ಚರ್ಚೆಯೇ ಇಲ್ಲ, ಫ್ಲಾಸ್ಕನ್ನು ನಾಶಮಾಡಬೇಕು. ಯಾವುದೇ ಗುರುತು ಬಿಡದೆ ಕೋಶಗಳು ಸೊರಗಿದಾಗ ಮೊದಲು ಅನುಮಾನಿಸಬೇಕಾದದ್ದು ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾವನ್ನು.

ಪೆನಿಸಿಲಿನ್ ದಾಳಿ ಮಾಡುವುದು ಬ್ಯಾಕ್ಟೀರಿಯಾದ ಕೋಶಭಿತ್ತಿಯ ಮೇಲೆ. ಮೈಕೊಪ್ಲಾಸ್ಮಾಕ್ಕೆ ಆ ಭಿತ್ತಿಯೇ ಇಲ್ಲ. ಸ್ಟ್ರೆಪ್ಟೊಮೈಸಿನ್‌ಗೂ ಅನೇಕ ತಳಿಗಳು ಜಗ್ಗುವುದಿಲ್ಲ. ಗಾತ್ರ ಎಷ್ಟು ಕಿರಿದೆಂದರೆ, ಆಕಾರ ಬದಲಿಸಿಕೊಳ್ಳಬಲ್ಲ ಇವು ನಾವು ನಂಬಿಕೊಂಡಿರುವ 0.22 ಮೈಕ್ರಾನಿನ ಫಿಲ್ಟರ್‌ನಲ್ಲಿಯೂ ನುಸುಳಬಲ್ಲವು. ಒಂದು ಮಿಲಿಲೀಟರಿನಲ್ಲಿ ಕೋಟಿಗಟ್ಟಲೆ ಸೇರಿದರೂ ಮಾಧ್ಯಮ ಕದಡದೆ ಇರುವುದುಂಟು. ಕೋಶಗಳ ಆಹಾರದಲ್ಲಿನ ಆರ್ಜಿನೈನ್ ಎಂಬ ಅಮೈನೊ ಆಮ್ಲವನ್ನು ಕೆಲವು ಜಾತಿಗಳು ತಿಂದು ಮುಗಿಸುತ್ತವೆ. ನಿಮ್ಮ ಫ್ಲಾಸ್ಕ್ ತುಂಬದಿರುವುದಕ್ಕೆ ಇದೂ ಕಾರಣವಾಗಿರಬಹುದು. ಮೈಕೊಪ್ಲಾಸ್ಮಾ ಒರಾಲೆ ಮನುಷ್ಯರ ಬಾಯಿಯಿಂದ ಬರುವಂಥದ್ದು, ಹಯೊರೈನಿಸ್ ಹಂದಿಯ ಮೂಲದ್ದು, ಆರ್ಜಿನಿನಿ ದನಗಳ ಸೀರಮ್ ಮೂಲಕ ಬರುವಂಥದ್ದು. ಆದರೆ ಇಂದಿನ ಪ್ರಯೋಗಾಲಯಗಳಲ್ಲಿ ಇದು ಹೆಚ್ಚಾಗಿ ಬರುವುದು ಪಕ್ಕದ ಮೇಜಿನವರು ಪ್ರೀತಿಯಿಂದ ಕೊಟ್ಟ ಫ್ಲಾಸ್ಕಿನಿಂದ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು.

ಈಗ ಮಾಡಬೇಕಾದದ್ದು: ಆ ಫ್ಲಾಸ್ಕನ್ನು ಬೇರೆ ಇನ್‌ಕ್ಯುಬೇಟರ್‌ಗೆ ಸಾಗಿಸಿ, ಅದಕ್ಕೇ ಮೀಸಲಾದ ಮಾಧ್ಯಮದ ಬಾಟಲಿ ಇಟ್ಟು, ದಿನದ ಕೊನೆಯ ಕೆಲಸವಾಗಿ ಮಾತ್ರ ಮುಟ್ಟಿ, ಬಳಿಕ ಹುಡ್ಡನ್ನು (ಶುದ್ಧ ಗಾಳಿಯ ಕೆಲಸದ ಪೆಟ್ಟಿಗೆಯನ್ನು) 70 ಪ್ರತಿಶತ ಆಲ್ಕೋಹಾಲಿನಿಂದ ಒರೆಸಿ. ಕೋಶಗಳನ್ನು ಆಂಟಿಬಯಾಟಿಕ್ ಇಲ್ಲದೆ ಎರಡು ಮೂರು ದಿನವಾದರೂ ಬೆಳೆಸಿ, ಫ್ಲಾಸ್ಕ್ ಹೆಚ್ಚುಕಡಿಮೆ ತುಂಬಿದಾಗ ಮೇಲಿನ ದ್ರವವನ್ನು ಮೈಕೊಪ್ಲಾಸ್ಮಾದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ಕೊಡಿ. ಫಲಿತಾಂಶ ಕೆಲವೇ ಗಂಟೆಗಳಲ್ಲಿ ಸಿಗುತ್ತದೆ. ಕಣ್ಣಾರೆ ನೋಡಬೇಕೆಂದರೆ ಡಿಎನ್‌ಎಗೆ ಅಂಟಿ ಹೊಳೆಯುವ ಹೋಕ್ಸ್ಟ್ 33258 ಬಣ್ಣ ಹಾಕಿ. ಸೋಂಕಿಲ್ಲದ ಕೋಶದಲ್ಲಿ ನೀಲಿಯಾಗಿ ಹೊಳೆಯುವುದು ಕೋಶಕೇಂದ್ರ ಮಾತ್ರ, ಸುತ್ತಲಿನ ಜಾಗ ಕಪ್ಪು. ಸೋಂಕಿದ್ದರೆ ಆ ಕಪ್ಪಿನ ತುಂಬ, ಕೋಶದ ಅಂಚಿನುದ್ದಕ್ಕೂ, ರಂಗೋಲಿ ಪುಡಿ ಉದುರಿಸಿದಂತೆ ಸಣ್ಣ ಚುಕ್ಕಿಗಳು ಕಾಣುತ್ತವೆ. ಒಮ್ಮೆ ನೋಡಿದವರಿಗೆ ಆ ಚಿತ್ರ ಮರೆಯುವುದಿಲ್ಲ.

ಸೋಂಕು ಖಚಿತವಾದರೆ ಎಸೆದುಬಿಡುವುದೇ ಲೇಸು. ಎಂಸಿಎಫ್-7 ಮತ್ತೆ ಸಿಗುವ ಕೋಶ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ಹೊಸದಾಗಿ ತರಿಸಬಹುದು. ಫ್ಲಾಸ್ಕನ್ನು 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಆಟೋಕ್ಲೇವ್ ಮಾಡಿ, ಇಲ್ಲವೇ ಬ್ಲೀಚ್ ಹಾಕಿ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಬ್ಲೀಚ್ ಕಾದರೆ ವಿಷಾನಿಲ ಹೊರಡುತ್ತದೆ. ರೋಗಿಯೊಬ್ಬರಿಂದ ಪಡೆದ, ಮತ್ತೆಲ್ಲೂ ಸಿಗದ ಕೋಶವಾದರೆ ಮಾತ್ರ ಪ್ಲಾಸ್ಮೋಸಿನ್‌ನಂಥ ಔಷಧವನ್ನು ಸುಮಾರು ಎರಡು ವಾರ ಕೊಟ್ಟು, ಅನಂತರ ಔಷಧವಿಲ್ಲದೆ ಮತ್ತೆರಡು ವಾರ ಬೆಳೆಸಿ ಪುನಃ ಪರೀಕ್ಷಿಸಬೇಕು.

ನಿಮ್ಮ ಕೋಶಗಳು ಸೊರಗುವ ಬದಲು ಇದ್ದಕ್ಕಿದ್ದಂತೆ ಚುರುಕಾಗಿದ್ದರೆ ನನ್ನ ಅನುಮಾನ ಬೇರೊಂದು ಕೋಶದ ಬೆರಕೆಯತ್ತ ಹೋಗುತ್ತಿತ್ತು. 1966ರಲ್ಲಿ ಅಮೆರಿಕದ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್ ಬೇರೆ ಬೇರೆ ಎಂದು ತಿಳಿದಿದ್ದ 18 ಕೋಶ ತಳಿಗಳನ್ನು ಪರೀಕ್ಷಿಸಿ, ಅವೆಲ್ಲವೂ ವೇಗವಾಗಿ ಬೆಳೆಯುವ ಹೀಲಾ ಎಂಬ ಗರ್ಭಕೊರಳಿನ ಕ್ಯಾನ್ಸರ್ ಕೋಶಗಳೇ ಇರಬೇಕೆಂದು ತೋರಿಸಿದ್ದರು. ಇಂಥ ಬೆರಕೆಯನ್ನು ಹಿಡಿಯಲು ಈಗ ಕೋಶದ ಗುರುತು ಹೇಳುವ ಎಸ್‌ಟಿಆರ್ ಡಿಎನ್‌ಎ ಪರೀಕ್ಷೆ ಇದೆ.

ಕೊನೆಯದಾಗಿ, ಫ್ರೀಜರಿನಲ್ಲಿರುವ ವಯಲ್‌ಗಳನ್ನೂ ಪರೀಕ್ಷಿಸಿ, ಸೋಂಕು ಯಾವಾಗ ಹೊಕ್ಕಿತೆಂಬುದನ್ನು ಅವುಗಳ ದಿನಾಂಕದಿಂದ ಪತ್ತೆಹಚ್ಚಿ. ಅಲ್ಲಿಂದೀಚಿನ ಎಂಟಿಟಿ (ಜೀವಂತ ಕೋಶಗಳನ್ನು ಅಳೆಯುವ ಪರೀಕ್ಷೆ) ಅಂಕಿಗಳನ್ನು ಬದಿಗಿಡಬೇಕಾಗುತ್ತದೆ, ನಿಮ್ಮಿಂದ ಆ ಕೋಶಗಳನ್ನು ಪಡೆದವರಿಗೆ ಇಂದೇ ತಿಳಿಸಬೇಕಾಗುತ್ತದೆ.