ಬೋರ್ಡಿಂಗ್ ಸ್ಕೂಲಿಗೂ ಬೋರ್ಡಿಂಗ್ ಪಾಸಿಗೂ ಏನು ಸಂಬಂಧ?

ಇಂಗ್ಲಿಷ್ ಕಲಿಸುವಾಗ ಪದೇ ಪದೇ ಎದುರಾಗುವ ಪ್ರಶ್ನೆ ಇದು. ಮಕ್ಕಳು ಅಲ್ಲೇ ಉಳಿದುಕೊಂಡು ಓದುವುದು ಬೋರ್ಡಿಂಗ್ ಸ್ಕೂಲ್. ವಿಮಾನ ಹತ್ತಲು ಬೇಕಾದದ್ದು ಬೋರ್ಡಿಂಗ್ ಪಾಸ್. ಗೋಡೆ ಮೇಲಿರುವುದು ಬ್ಲ್ಯಾಕ್‌ಬೋರ್ಡ್. ಕಂಪನಿ ನಡೆಸುವವರ ಗುಂಪೂ ಬೋರ್ಡೇ. ಇಷ್ಟೂ ಅರ್ಥಗಳನ್ನು ಸುಮ್ನೆ ಬಾಯಿಪಾಠ ಮಾಡಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಎಲ್ಲದರ ಹಿಂದೆ ಇರುವುದು ಎರಡೇ ವಸ್ತು: ಮರದ ಹಲಗೆ ಮತ್ತು ಹಡಗಿನ ಪಕ್ಕ.

ಮೊದಲು ಹಲಗೆ. ಮಧ್ಯಯುಗದ ಯುರೋಪಿನಲ್ಲಿ ಊಟದ ಹೊತ್ತಿಗೆ ಮರದ ಕಾಲುಗಳ ಮೇಲೆ ಹಲಗೆ ಹಾಸುತ್ತಿದ್ದರು. ಊಟ ಮುಗಿದರೆ ಅದನ್ನು ಎತ್ತಿಡುತ್ತಿದ್ದರು. ಹೀಗೆ ಹಲಗೆ ಅಂದರೆ ಊಟದ ಮೇಜಾಯಿತು. ಆಮೇಲೆ ಮೇಜಿನ ಮೇಲಿನ ಊಟಕ್ಕೂ ಅದೇ ಹೆಸರು ಬಂತು. ಬೋರ್ಡಿಂಗ್ ಸ್ಕೂಲಿನಲ್ಲಿರುವುದು ಈ ಊಟದ ಬೋರ್ಡ್. ಸ್ವೀಡಿಷ್ ಭಾಷೆಯಲ್ಲಿ ಇವತ್ತಿಗೂ ‘ಬೋರ್ಡ್’ ಅಂದರೆ ಮೇಜೇ. ಮೇಜಿನ ಸುತ್ತ ಕೂತು ತೀರ್ಮಾನ ಮಾಡುವವರು ಆಡಳಿತ ಮಂಡಳಿಯ ಬೋರ್ಡ್ ಆದರು. ಕಪ್‌ಬೋರ್ಡ್ ಕೂಡ ಶುರುವಿನಲ್ಲಿ ಬಾಗಿಲಿರುವ ಕಪಾಟಲ್ಲ, ಬಟ್ಟಲುಗಳನ್ನು ಜೋಡಿಸಿಡುವ ಮೇಜು.

ಹಡಗಿನ ಕಥೆ ಇನ್ನೂ ಚೆಂದ. ಹಳೆಯ ಇಂಗ್ಲಿಷಿನಲ್ಲಿ ‘ಬೋರ್ಡ್’ ಎಂಬ ಪದಕ್ಕೆ ಅಂಚು, ಹಡಗಿನ ಪಕ್ಕ ಎಂಬ ಅರ್ಥವೂ ಇತ್ತು. ಆಗಿನ ಹಡಗುಗಳಿಗೆ ಈಗಿನ ಹಾಗೆ ಹಿಂಬದಿಯ ನಡುವೆ ಚುಕ್ಕಾಣಿ ಇರಲಿಲ್ಲ. ದೊಡ್ಡದೊಂದು ಹುಟ್ಟನ್ನು ಹಿಂಭಾಗದ ಬಲಪಕ್ಕಕ್ಕೆ ಕಟ್ಟಿ ದಿಕ್ಕು ತಿರುಗಿಸುತ್ತಿದ್ದರು. ಬಲಗೈ ಬಳಸುವವರೇ ಜಾಸ್ತಿ ಅಲ್ವಾ? ಹಡಗನ್ನು ‘ಸ್ಟಿಯರ್’ ಮಾಡುವ ಪಕ್ಕವೇ ‘ಸ್ಟಾರ್‌ಬೋರ್ಡ್’. ನಕ್ಷತ್ರಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಸರಕು ತುಂಬುವ ಎಡಪಕ್ಕಕ್ಕೆ ‘ಲಾರ್‌ಬೋರ್ಡ್’ ಎಂಬ ಹೆಸರು ಬಂತು. ಗಾಳಿಯ ಅಬ್ಬರದಲ್ಲಿ ಕೂಗಿ ಹೇಳಿದರೆ ಈ ಎರಡು ಪದ ಒಂದೇ ಥರ ಕೇಳುತ್ತವೆ. ಎಡಕ್ಕೆ ಅಂದದ್ದು ಬಲಕ್ಕೆ ಅಂತ ಕೇಳಿದರೆ ಜೀವಕ್ಕೇ ಅಪಾಯ. ಅದಕ್ಕೇ ಬ್ರಿಟಿಷ್ ನೌಕಾಪಡೆ 1844ರಲ್ಲಿ ಎಡಪಕ್ಕಕ್ಕೆ ‘ಪೋರ್ಟ್’ ಎಂದೇ ಹೇಳಬೇಕು ಎಂದು ಆದೇಶ ಹೊರಡಿಸಿತು.

ಬೋರ್ಡಿಂಗ್ ಪಾಸ್ ಈ ಹಡಗಿನ ಸಾಲಿನದು. ‘ಬೋರ್ಡ್ ಮಾಡು’ ಅಂದರೆ ಮೊದಲು ಇನ್ನೊಂದು ಹಡಗಿನ ಪಕ್ಕಕ್ಕೆ ಬಂದು ನಿಲ್ಲುವುದು, ಎಷ್ಟೋ ಸಲ ದಾಳಿ ಮಾಡಲು. ಆಮೇಲೆ ಹಡಗು ಹತ್ತುವುದಕ್ಕೆ ಆ ಮಾತು ಬಂತು. ಅಲ್ಲಿಂದ ರೈಲಿಗೆ, ವಿಮಾನಕ್ಕೆ. ವಿಮಾನದ ಬಲರೆಕ್ಕೆಯ ತುದಿಗೆ ಹಸಿರು ದೀಪ, ಎಡಕ್ಕೆ ಕೆಂಪು ದೀಪ ಇರುವುದೂ ಹಡಗಿನ ನಿಯಮವೇ. ಫ್ರೆಂಚಿನ ದಾರಿ ಹಿಡಿದು ಬಂದ ‘ಬಾರ್ಡರ್’ ಕೂಡ ಈ ಅಂಚಿನ ಬೋರ್ಡಿಗೇ ನಂಟು.

ಈ ಎರಡು ಬೇರುಗಳು ಬಹಳ ಹಿಂದೆಯೇ ಒಂದರೊಳಗೊಂದು ಬೆರೆತುಹೋಗಿವೆ. ಹಡಗು ಕಟ್ಟುವುದೂ ಹಲಗೆಯಿಂದಲೇ ಆದ್ದರಿಂದ ಅದು ಸಹಜವೂ ಹೌದು. ಆದರೂ ನುಡಿಗಟ್ಟು ಎದುರಾದಾಗ ಯಾವ ಬೋರ್ಡ್ ಎಂದು ಹುಡುಕಿದರೆ ಅರ್ಥ ಥಟ್ಟನೆ ಸಿಗುತ್ತದೆ. ‘ಗೋ ಓವರ್‌ಬೋರ್ಡ್’ ಅಂದರೆ ಅತಿ ಮಾಡುವುದು. ಅಲ್ಲಿರುವುದು ಹಡಗಿನ ಅಂಚು. ‘ಅಬೋವ್ ಬೋರ್ಡ್’ ಅಂದರೆ ಮುಚ್ಚುಮರೆ ಇಲ್ಲದ ವ್ಯವಹಾರ. ಅದು ಇಸ್ಪೀಟ್ ಆಡುವವರ ಕೈ ಮೇಜಿನ ಕೆಳಗೆ ಹೋಗದೆ ಎಲ್ಲರಿಗೂ ಕಾಣುವಂತೆ ಮೇಲೇ ಇರಬೇಕು ಎಂಬುದರಿಂದ ಬಂದದ್ದು.