ನಂಬಿಕೆ: ಮಳೆಯನ್ನು ನಂಬಿದವರಿಗೆ ತಿಳಿದಿರುವ ಪದ

ದೃಢೀಕರಣಕ್ಕೆ, ಅಂದರೆ ತಮ್ಮ ನಂಬಿಕೆಯನ್ನು ತಾವೇ ಸಭೆಯ ಮುಂದೆ ಒಪ್ಪಿಕೊಳ್ಳುವ ವಿಧಿಗೆ, ಸಿದ್ಧರಾಗುವ ಮಕ್ಕಳಿಗೆ ನಮ್ಮ ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಒಂದು ಗಂಟೆ ಪಾಠವಿರುತ್ತದೆ. ಮೊದಲ ದಿನ ನಾನು ಕೇಳುವುದು ಒಂದೇ ಪ್ರಶ್ನೆ: ನಂಬಿಕೆ ಎಂದರೇನು? ಹೆಚ್ಚಿನ ಮಕ್ಕಳು ಹೇಳುವ ಉತ್ತರವೂ ಒಂದೇ: ‘ಕಣ್ಣಿಗೆ ಕಾಣದ್ದನ್ನು ಇದೆ ಎಂದು ಒಪ್ಪಿಕೊಳ್ಳುವುದು.’ ಈ ಅರ್ಥ ಅವರಿಗೆ ಎಲ್ಲಿಂದ ಬಂತು ಎಂಬುದು ತಿಳಿಯದ್ದೇನಲ್ಲ. ಪತ್ರಿಕೆಗಳಲ್ಲಿ ‘ಎಂಬ ನಂಬಿಕೆ ಸ್ಥಳೀಯರಲ್ಲಿದೆ’ ಎಂದು ಬರೆಯುತ್ತಾರೆ. ಶಾಲೆಯಲ್ಲಿ ‘ಮೂಢನಂಬಿಕೆ’ಯ ಮೇಲೆ ಪ್ರಬಂಧ ಬರೆಸುತ್ತಾರೆ. ಹೀಗಾಗಿ ನಂಬಿಕೆಯೆಂದರೆ ಪುರಾವೆ ಸಾಲದ ಅಭಿಪ್ರಾಯ ಎಂಬ ತಿಳಿವಳಿಕೆ ಎಳೆಯ ವಯಸ್ಸಿನಲ್ಲೇ ನೆಲೆಯೂರುತ್ತದೆ.

ಆಗ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಮನೆಯಲ್ಲಿ ದೊಡ್ಡವರು ಈ ಪದವನ್ನು ಯಾವಾಗ ಬಳಸುತ್ತಾರೆ? ಸ್ವಲ್ಪ ಹೊತ್ತು ಯೋಚಿಸಿ ಒಬ್ಬೊಬ್ಬರಾಗಿ ಹೇಳತೊಡಗುತ್ತಾರೆ. ಮಳೆ ನಂಬಿ ಬಿತ್ತಿದೆವು. ಅವರ ಮಾತು ನಂಬಿ ಸಾಲ ಮಾಡಿದೆವು. ಎರಡು ಎಮ್ಮೆಗಳನ್ನು ನಂಬಿಕೊಂಡು ಸಂಸಾರ ನಡೆಯುತ್ತಿದೆ. ಈ ಮಾತುಗಳಲ್ಲಿ ಯಾರೂ ಮಳೆ ಎಂಬುದೊಂದು ಇದೆಯೋ ಇಲ್ಲವೋ ಎಂದು ವಾದಿಸುತ್ತಿಲ್ಲ. ಬೀಜ ಮಣ್ಣಿಗೆ ಬಿದ್ದಾಗಿದೆ. ಇನ್ನು ಮನೆಯ ವರ್ಷವಿಡೀ ಅನ್ನ ಮಳೆಯ ಕೈಯಲ್ಲಿದೆ. ಮಳೆಯನ್ನು ನಂಬುವುದೆಂದರೆ ತನ್ನ ಭಾರವನ್ನು ಅದರ ಮೇಲೆ ಹಾಕಿ ಕಾಯುವುದು. ಬೈಬಲಿನ ನಂಬಿಕೆ ಈ ಎರಡನೆಯ ಬಗೆಯದು. ಕನ್ನಡ ಓದುಗರಿಗೆ ಇದು ಬಹಳ ಅನುಕೂಲದ ಸಂಗತಿ. ಏಕೆಂದರೆ ನಮ್ಮ ಹೊಲಮನೆಯ ಮಾತಿನಲ್ಲಿ ಪದದ ಸರಿಯಾದ ಅರ್ಥ ಇನ್ನೂ ಬದುಕಿದೆ.

ಕನ್ನಡ ಕ್ರೈಸ್ತರೆಲ್ಲರೂ ಇದೇ ಪದವನ್ನು ಬಳಸುವುದಿಲ್ಲ. ಪ್ರೊಟೆಸ್ಟೆಂಟ್ ಸಭೆಗಳು ಓದುವ ಕನ್ನಡ ಬೈಬಲ್ ‘ಸತ್ಯವೇದವು’ ನಂಬಿಕೆ ಎನ್ನುತ್ತದೆ. ಕಥೋಲಿಕ ಧರ್ಮಸಭೆ ವಿಶ್ವಾಸ ಎನ್ನುತ್ತದೆ. ಸುವಾರ್ತೆ ಮತ್ತು ಶುಭಸಂದೇಶ, ಯೆಹೋವ ಮತ್ತು ಸರ್ವೇಶ್ವರ ಎಂಬ ಜೋಡಿಗಳ ಹಾಗೆ ಇದೂ ಒಂದು. ಗೆರೆ ಅಷ್ಟು ಗಟ್ಟಿಯಾದದ್ದೂ ಅಲ್ಲ: ನಂಬಿಕೆ ಎನ್ನುವ ಸಭೆಗಳಲ್ಲಿಯೂ ನಂಬಿದವರನ್ನು ವಿಶ್ವಾಸಿಗಳು ಎಂದೇ ಕರೆಯುತ್ತಾರೆ. ವಿಶ್ವಾಸದಲ್ಲಿ ಶ್ವಾಸದ ಧಾತುವಿದೆ. ಹೆದರಿಕೆ ಬಿಟ್ಟು ನಿರಾಳವಾಗಿ ಉಸಿರಾಡುವುದು ಅದರ ಹಳೆಯ ಭಾವ. ‘ಪ್ರೀತಿ ವಿಶ್ವಾಸ’ ಎಂದು ಜೊತೆಮಾಡಿ ಹೇಳುವಾಗ ಅದೇ ನಿರಾಳತೆ ಕೇಳಿಸುತ್ತದೆ. ಮೂರನೆಯದು ಶ್ರದ್ಧೆ. ಕ್ರೈಸ್ತರು ಇದನ್ನು ಈ ಅರ್ಥದಲ್ಲಿ ಅಷ್ಟಾಗಿ ಬಳಸದಿದ್ದರೂ ಒಂದು ಸೊಗಸಾದ ನಂಟು ಇಲ್ಲಿದೆ. ಕ್ರೈಸ್ತರು ತಮ್ಮ ನಂಬಿಕೆಯನ್ನು ಸಾರಾಂಶವಾಗಿ ಹೇಳುವ ಲ್ಯಾಟಿನ್ ವಿಶ್ವಾಸಪ್ರಮಾಣ ‘ಕ್ರೆದೋ’ ಎಂಬ ಪದದಿಂದ ಶುರುವಾಗುತ್ತದೆ; ‘ನಂಬುತ್ತೇನೆ’ ಎಂದು ಅರ್ಥ. ಆ ಕ್ರೆದೋ ಮತ್ತು ಸಂಸ್ಕೃತದ ಶ್ರದ್ಧಾ ಒಂದೇ ಪುರಾತನ ಮೂಲದಿಂದ ಕವಲೊಡೆದ ಪದಗಳು.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು. ಮುಂದೆ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಆ ಅನುವಾದವನ್ನು ತಿದ್ದುವ ಕೆಲಸಕ್ಕೆ ಕೈಹಾಕಿದರು. ‘ನಂಬು’ ಎಂಬ ಪದವನ್ನು ಅವರು ಹೊಸದಾಗಿ ಕಟ್ಟಬೇಕಿರಲಿಲ್ಲ. ಆ ಹೊತ್ತಿಗಾಗಲೇ ವಚನಗಳಲ್ಲಿ, ದಾಸರ ಪದಗಳಲ್ಲಿ ಅದು ದೇವರನ್ನು ಕರೆಯುವ, ಮೊರೆಯಿಡುವ ಪದವಾಗಿ ನೂರಾರು ವರ್ಷ ಪಳಗಿತ್ತು.

ಇನ್ನು ಮೂಲಕ್ಕೆ ಹೋಗೋಣ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ನಂಬಿಕೆಯ ಬೇರು ‘ಅಮನ್’. ಗಟ್ಟಿಯಾಗಿರುವುದು, ಅಲುಗದೆ ನಿಲ್ಲುವುದು, ಹೊತ್ತು ಕಾಯುವುದು ಅದರ ಅರ್ಥ. ಪ್ರಾರ್ಥನೆಯ ಕೊನೆಗೆ ನಾವು ಹೇಳುವ ‘ಆಮೆನ್’ ಇದೇ ಬೇರಿನ ಚಿಗುರು. ಈ ಬೇರಿನಿಂದ ಹುಟ್ಟಿದ ಇತರ ಪದಗಳನ್ನು ಸತ್ಯವೇದದಲ್ಲಿ ಹುಡುಕುತ್ತಾ ಹೋಗುವುದು ನನಗೆ ತುಂಬಾ ಇಷ್ಟದ ಕೆಲಸ. ಅರಸನಾದ ಹಿಜ್ಕೀಯನು ದೇವಾಲಯದ ಬಾಗಿಲುಗಳಿಂದ ಚಿನ್ನವನ್ನು ಕಿತ್ತು ಕೊಟ್ಟನೆಂದು ಅರಸುಗಳ ಎರಡನೆಯ ಗ್ರಂಥ ಹೇಳುವಲ್ಲಿ, ಬಾಗಿಲ ಕಂಬಗಳಿಗಿರುವ ಪದ ಈ ಬೇರಿನದು. ಸೊಸೆ ರೂತಳ ಕೂಸನ್ನು ನೊವೊಮಿ ಮಡಿಲಿಗೆತ್ತಿಕೊಂಡು ಸಾಕುತಾಯಿಯಾದಳಲ್ಲ, ಆ ಸಾಕುತಾಯಿಗಿರುವ ಪದವೂ ಈ ಬೇರಿನದೇ. ಕಂಬ ಚಾವಣಿಯನ್ನು ಹೊರುತ್ತದೆ, ಸಾಕುತಾಯಿ ಕೂಸನ್ನು ಹೊರುತ್ತಾಳೆ. ನಂಬಿಕೆಯೆಂಬ ಪದ ಬೆಳೆದದ್ದು ಇಂಥ ನೆಂಟರ ನಡುವೆ.

ಇವುಗಳಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ವಿಮೋಚನಕಾಂಡದ 17ನೆಯ ಅಧ್ಯಾಯದಲ್ಲಿ. ರೆಫೀದೀಮಿನಲ್ಲಿ ಅಮಾಲೇಕ್ಯರೊಡನೆ ಯುದ್ಧ ನಡೆದಿದೆ. ಗುಡ್ಡದ ಮೇಲೆ ಮೋಶೆ ಕೈಯೆತ್ತಿದ್ದರೆ ಇಸ್ರಾಯೇಲ್ಯರಿಗೆ ಮೇಲುಗೈ. ಕೈ ಇಳಿದರೆ ಶತ್ರುಗಳಿಗೆ. ಮುದುಕನ ಕೈ ಎಷ್ಟು ಹೊತ್ತು ನಿಂತೀತು? ಆರೋನನೂ ಹೂರನೂ ಒಂದು ಕಲ್ಲನ್ನು ತಂದು ಅವನನ್ನು ಕೂರಿಸಿ, ಆಚೆಗೊಬ್ಬ ಈಚೆಗೊಬ್ಬ ನಿಂತು ಕೈಗಳಿಗೆ ಆಸರೆಯಾದರು. ಹೊತ್ತು ಮುಳುಗುವ ತನಕ ಅವನ ಕೈಗಳು ಸ್ಥಿರವಾಗಿದ್ದವು ಎಂದು ವಾಕ್ಯ ಮುಗಿಯುತ್ತದೆ. ಆ ‘ಸ್ಥಿರ’ಕ್ಕೆ ಹೀಬ್ರೂ ಪದ ‘ಎಮುನಾ’. ಪ್ರವಾದಿ ಹಬಕ್ಕೂಕನು ‘ನೀತಿವಂತನು ತನ್ನ ನಂಬಿಕೆಯಿಂದಲೇ ಬದುಕುವನು’ ಎನ್ನುವಾಗ ನಂಬಿಕೆಗೆ ಬಳಸಿದ ಪದವೂ ಇದೇ ಎಮುನಾ. ಮೋಶೆಯ ಕೈಗಳ ಸ್ಥಿರತೆ ಅವನೊಬ್ಬನ ತೋಳ್ಬಲದಿಂದ ಬಂದದ್ದಲ್ಲ. ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳುವುದಕ್ಕಿಂತ ಒಬ್ಬನನ್ನು ಕೈಯೆತ್ತಿ ನಿಲ್ಲಿಸುವುದು ಮೇಲು. ಎರಡು ನಿಮಿಷ ಕಳೆಯುವಷ್ಟರಲ್ಲಿ ಪಕ್ಕದವರು ಹೇಳಿಸಿಕೊಳ್ಳದೆ ಎದ್ದು ಬರುತ್ತಾರೆ.

ಸತ್ಯವೇದದಲ್ಲಿ ಒಬ್ಬ ಮನುಷ್ಯನು ದೇವರನ್ನು ‘ನಂಬಿದನು’ ಎಂಬ ಮಾತು ಮೊದಲು ಬರುವುದು ಆದಿಕಾಂಡದ 15ನೆಯ ಅಧ್ಯಾಯದಲ್ಲಿ. ಅಬ್ರಾಮನಿಗೆ ಮಕ್ಕಳಿಲ್ಲ, ವಯಸ್ಸು ಮೀರಿದೆ. ದೇವರು ಅವನನ್ನು ಹೊರಗೆ ಕರೆದು, ನಕ್ಷತ್ರಗಳನ್ನು ತೋರಿಸಿ, ನಿನ್ನ ಸಂತಾನ ಹೀಗಾಗುವುದು ಎನ್ನುತ್ತಾನೆ. ಅಬ್ರಾಮನು ಯೆಹೋವನನ್ನು ನಂಬಿದನು. ಅದನ್ನು ಅವನ ಲೆಕ್ಕಕ್ಕೆ ನೀತಿಯೆಂದು, ಅಂದರೆ ದೇವರ ಮುಂದೆ ಸರಿಯಾದ ನಿಲುವೆಂದು, ಎಣಿಸಲಾಯಿತು. ಗಮನಿಸಿ, ದೇವರಿದ್ದಾನೋ ಇಲ್ಲವೋ ಎಂಬುದು ಇಲ್ಲಿ ಚರ್ಚೆಯ ವಿಷಯವೇ ಅಲ್ಲ. ಮಾತು ಕೊಟ್ಟವನು ಮಾತಿನಂತೆ ನಡೆದಾನೋ ಎಂಬುದೊಂದೇ ಪ್ರಶ್ನೆ. ಇನ್ನೂ ಒಂದು ಸಂಗತಿಯಿದೆ. ನಂಬಿದನು ಎಂದಾದ ಮೇಲೆ, ಎರಡೇ ವಾಕ್ಯಗಳ ಆಚೆಗೆ, ಅದೇ ಅಬ್ರಾಮನು ‘ಇದು ನನಗೆ ಹೇಗೆ ಗೊತ್ತಾಗಬೇಕು?’ ಎಂದು ಕೇಳುತ್ತಾನೆ. ಪ್ರಶ್ನೆ ಕೇಳಿದ್ದಕ್ಕೆ ದೇವರು ಗದರಿಸುವುದಿಲ್ಲ. ಅವನೊಡನೆ ಒಡಂಬಡಿಕೆ ಮಾಡಿಕೊಳ್ಳುತ್ತಾನೆ. ಪ್ರಶ್ನೆ ಕೇಳುವವರನ್ನು ನಂಬಿಕೆಯಿಲ್ಲದವರೆಂದು ಸುಮ್ಮನಾಗಿಸುವ ಹಿರಿಯರು ಈ ಅಧ್ಯಾಯವನ್ನು ನಿಧಾನವಾಗಿ ಓದಬೇಕು.

ಹೊಸ ಒಡಂಬಡಿಕೆ ಗ್ರೀಕ್ ಭಾಷೆಯದು. ಅಲ್ಲಿ ನಂಬಿಕೆಗೆ ‘ಪಿಸ್ತಿಸ್’, ನಂಬುವುದಕ್ಕೆ ‘ಪಿಸ್ತೆವೋ’. ಯೇಸುವಿನ ಜೀವನವನ್ನು ಹೇಳುವ ಗ್ರಂಥಗಳಲ್ಲೊಂದಾದ ಯೋಹಾನನ ಸುವಾರ್ತೆಯಲ್ಲಿ ಪಿಸ್ತಿಸ್ ಎಂಬ ನಾಮಪದ ಒಮ್ಮೆಯೂ ಬರುವುದಿಲ್ಲ. ಪಿಸ್ತೆವೋ ಎಂಬ ಕ್ರಿಯಾಪದ 98 ಬಾರಿ ಬರುತ್ತದೆ. ಯೋಹಾನನ ಪಾಲಿಗೆ ನಂಬಿಕೆ ಒಬ್ಬನು ಪೆಟ್ಟಿಗೆಯಲ್ಲಿಟ್ಟುಕೊಂಡಿರುವ ವಸ್ತುವಲ್ಲ, ದಿನವೂ ಮಾಡುವ ಕೆಲಸ. ಅದೇ ಸುವಾರ್ತೆಯ ಎರಡನೆಯ ಅಧ್ಯಾಯದ ಕೊನೆಯಲ್ಲಿ ಬೆಚ್ಚಿಬೀಳಿಸುವ ಒಂದು ಮಾತಿದೆ. ಯೆರೂಸಲೇಮಿನಲ್ಲಿ ಸೂಚಕಕಾರ್ಯಗಳನ್ನು, ಅಂದರೆ ಅದ್ಭುತಗಳನ್ನು, ನೋಡಿ ಬಹುಜನ ಯೇಸುವಿನ ಹೆಸರನ್ನು ನಂಬಿದರು. ಆದರೆ ಯೇಸು ತನ್ನನ್ನು ಅವರ ವಶಕ್ಕೆ ಒಪ್ಪಿಸಿಕೊಡಲಿಲ್ಲ. ‘ನಂಬಿದರು’ ಮತ್ತು ‘ಒಪ್ಪಿಸಿಕೊಡಲಿಲ್ಲ’ ಎಂಬ ಎರಡು ಕಡೆಯೂ ಗ್ರೀಕಿನಲ್ಲಿ ಇರುವುದು ಒಂದೇ ಕ್ರಿಯಾಪದ. ಅವರು ಅವನನ್ನು ನಂಬಿದರು, ಅವನು ಅವರನ್ನು ನಂಬಲಿಲ್ಲ. ಅಂದರೆ ನಂಬುವುದೆಂದರೆ ತನ್ನನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ಎಂಬ ಅರ್ಥ ಆ ಪದದೊಳಗೇ ಇದೆ. ಕನ್ನಡದಲ್ಲಿ ‘ನಂಬಿಕೆಯಿಡು’ ಎನ್ನುತ್ತೇವೆ. ಏನನ್ನಾದರೂ ಇನ್ನೊಬ್ಬರ ಬಳಿ ಇಟ್ಟುಬಂದ ಮೇಲೆ ಅದು ನಮ್ಮ ಕೈಯಲ್ಲಿರುವುದಿಲ್ಲ.

ಪಿಸ್ತಿಸ್‌ಗೆ ಇನ್ನೊಂದು ಮುಖವಿದೆ: ನಂಬುವುದೂ ಅದೇ, ನಂಬಿಕೆಗೆ ತಕ್ಕಂತೆ ಉಳಿಯುವುದೂ ಅದೇ. ‘ನಂಬಿಗಸ್ತ’ ಎಂಬ ನಮ್ಮ ಸತ್ಯವೇದದ ಪದ ಈ ಎರಡನೆಯ ಮುಖವನ್ನು ಚೆನ್ನಾಗಿ ಹಿಡಿದಿದೆ. ಆಳುಗಳ ಕೈಗೆ ಹಣ ಒಪ್ಪಿಸಿ ಹೋದ ಯಜಮಾನನ ಬಗ್ಗೆ ಯೇಸು ಹೇಳಿದ ದೃಷ್ಟಾಂತ ಕಥೆಯಲ್ಲಿ, ತಲಾಂತುಗಳ ಸಾಮ್ಯದಲ್ಲಿ, ಯಜಮಾನನು ಹೊಗಳುವುದು ನಂಬಿಗಸ್ತನಾದ ಆಳನ್ನು. ಮೊದಲ ಕಾಲದ ಸಭೆಗಳಿಗೆ ಅಪೊಸ್ತಲ ಪೌಲನು ಬರೆದ ಪತ್ರಗಳಲ್ಲಿ ಬರುವ ‘ಕ್ರಿಸ್ತನ ನಂಬಿಕೆ’ ಎಂಬ ಪದಗುಚ್ಛದ ಮೇಲೆ ಪಂಡಿತರು ಇಂದಿಗೂ ವಾದಿಸುತ್ತಿರುವುದು ಇದೇ ಕಾರಣಕ್ಕೆ. ನಾವು ಕ್ರಿಸ್ತನ ಮೇಲಿಟ್ಟ ನಂಬಿಕೆಯೋ, ಕ್ರಿಸ್ತನು ತೋರಿದ ನಂಬಿಗಸ್ತಿಕೆಯೋ? ‘ತಾಯಿಯ ಪ್ರೀತಿ’ ಎಂಬಲ್ಲಿ ಪ್ರೀತಿ ಯಾರದು, ಯಾರ ಮೇಲಿನದು ಎಂದು ಎರಡು ಬಗೆಯಾಗಿ ಕೇಳಬಹುದಲ್ಲ, ಹಾಗೆಯೇ ಇದು. ಎರಡನ್ನೂ ಕೈಬಿಡದೆ ಓದುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹಾಗಾದರೆ ತಿಳಿದುಕೊಳ್ಳುವುದಕ್ಕೆ ಬೆಲೆಯಿಲ್ಲವೇ? ಇದೆ. ನಂಬಿಕೆ ಕೇಳುವುದರಿಂದ ಬರುತ್ತದೆ ಎಂದು ಪೌಲನು ರೋಮಾಪುರದವರಿಗೆ ಬರೆದನು. ಆ ಕಾಲದಲ್ಲಿ ಕೈಯಲ್ಲಿ ಗ್ರಂಥ ಹಿಡಿದು ಓದುವವರು ಕೆಲವರೇ. ಪತ್ರಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು, ಒಂದೂರಿನ ಸಭೆ ಓದಿ ಮುಗಿಸಿ ಪಕ್ಕದೂರಿನ ಸಭೆಗೆ ಕಳುಹಿಸುತ್ತಿತ್ತು. ಯಾರ ಮಾತೆಂದು ತಿಳಿಯದೆ, ಏನು ಹೇಳಿದನೆಂದು ಕೇಳದೆ ಆ ಮಾತಿನ ಮೇಲೆ ಭಾರ ಹಾಕಲು ಬರುವುದಿಲ್ಲ. ಹದಿನಾರನೆಯ ಶತಮಾನದ ಮತಸುಧಾರಣೆಯ ನಂತರದ ಪ್ರೊಟೆಸ್ಟೆಂಟ್ ಪಂಡಿತರು ನಂಬಿಕೆಯಲ್ಲಿ ಮೂರು ಪದರಗಳನ್ನು ಕಂಡರು: ಅರಿವು, ಒಪ್ಪಿಗೆ, ಭರವಸೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಾವಳಿ ನಿಜವಾದ ನಂಬಿಕೆ ಖಚಿತವಾದ ಅರಿವು ಮಾತ್ರವಲ್ಲ, ಮನಃಪೂರ್ವಕವಾದ ಭರವಸೆಯೂ ಹೌದು ಎಂದಿತು. ಮೊದಲಿನ ಎರಡಕ್ಕೇ ನಿಂತರೆ ಏನಾಗುತ್ತದೆ ಎಂಬುದನ್ನು ಯಾಕೋಬನು ತನ್ನ ಪತ್ರದಲ್ಲಿ ಖಾರವಾಗಿ ಹೇಳಿದ್ದಾನೆ: ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ.

ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎಂದ ಇದೇ ಯಾಕೋಬನಿಗೂ, ನಂಬಿಕೆಯಿಂದಲೇ ನೀತಿ ಎಂದ ಪೌಲನಿಗೂ ಜಗಳವೇ ಎಂಬ ಪ್ರಶ್ನೆ ಹಳೆಯದು. ಆ ಮತಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರ್ 1522ರ ತನ್ನ ಜರ್ಮನ್ ಅನುವಾದದಲ್ಲಿ ರೋಮಾಪುರದವರಿಗೆ ಬರೆದ ಪತ್ರದ 3:28ಕ್ಕೆ ನಂಬಿಕೆಯಿಂದ ಮಾತ್ರ ಎಂದಾಗುವಂತೆ ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದ ಸೇರಿಸಿದನು; ಯಾಕೋಬನ ಪತ್ರವನ್ನು ಹುಲ್ಲಿನ ಪತ್ರವೆಂದನು. ಆ ಬಿರುಕು ಐರೋಪ್ಯ ಕ್ರೈಸ್ತರನ್ನು ಶತಮಾನಗಳ ಕಾಲ ಬೇರೆ ಮಾಡಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಒಕ್ಕೂಟ ಮತ್ತು ಕಥೋಲಿಕ ಧರ್ಮಸಭೆ ಈ ವಿಷಯದಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ಬಿತ್ತನೆಯ ಮಾತಿನಲ್ಲಿ ಹೇಳುವುದಾದರೆ, ಮಳೆ ತರಿಸುವುದು ರೈತನ ಕೆಲಸವಲ್ಲ ಎಂದು ಪೌಲನು ಹೇಳುತ್ತಿದ್ದಾನೆ. ಮಳೆಯನ್ನು ನಂಬಿದ್ದೇನೆ ಎನ್ನುತ್ತ ಬೀಜವನ್ನು ಕಣಜದಲ್ಲೇ ಇಟ್ಟುಕೊಂಡವನು ನಂಬಿಲ್ಲ ಎಂದು ಯಾಕೋಬನು ಹೇಳುತ್ತಿದ್ದಾನೆ.

ಈ ಪದವನ್ನು ಕುರಿತು ಬರೆಯಲು ನನ್ನನ್ನು ಹಚ್ಚಿದ್ದು ಬೇರೊಂದು ಸಂಗತಿ. ಮಗುವನ್ನು ಕಳೆದುಕೊಂಡ ಒಬ್ಬ ತಾಯಿಗೆ, ಮಣ್ಣು ಕೊಟ್ಟು ಬಂದ ವಾರದಲ್ಲೇ, ‘ನಿಮ್ಮ ನಂಬಿಕೆ ಸಾಲಲಿಲ್ಲ’ ಎಂದು ಒಬ್ಬರು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹೇಳಿದವರು ಕೆಟ್ಟವರಲ್ಲ. ಆದರೆ ಅವರ ಬಾಯಲ್ಲಿ ನಂಬಿಕೆ ಅಳೆದು ಕೊಡುವ ದವಸವಾಗಿತ್ತು: ಇಷ್ಟು ಸೇರು ಸುರಿದರೆ ಇಷ್ಟು ಫಲ, ಕಡಿಮೆಯಾದರೆ ಇಲ್ಲ. ಆ ಮಾತು ಇಂದಿಗೂ ನನ್ನನ್ನು ಸುಡುತ್ತದೆ. ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಮೂರ್ಛೆಗೆ ಬಿದ್ದು ಒದ್ದಾಡುವ ಹುಡುಗನ ತಂದೆ ಅಳುತ್ತಾ ಕೂಗುತ್ತಾನೆ: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಒಂದೇ ಉಸಿರಿನಲ್ಲಿ ನಂಬಿಕೆಯೂ ಅಪನಂಬಿಕೆಯೂ. ಯೇಸು ಅವನ ನಂಬಿಕೆಯನ್ನು ತೂಗಲಿಲ್ಲ, ಮಗನನ್ನು ವಾಸಿಮಾಡಿದನು. ಇದೇ ಪ್ರಸಂಗವನ್ನು ಮತ್ತಾಯನು ಹೇಳುವಾಗ ಸಾಸಿವೆ ಕಾಳಿನಷ್ಟು ನಂಬಿಕೆಯ ಮಾತು ಬರುತ್ತದೆ. ಒಗ್ಗರಣೆಗೆ ಹಾಕುವಾಗ ಬೆರಳ ಸಂದಿನಿಂದ ಜಾರಿಹೋಗುವ ಕಾಳು ಅದು. ಭಾರವನ್ನು ಹೊರುವುದು ಆತುಕೊಂಡವನ ಶಕ್ತಿಯಲ್ಲ, ಕಂಬದ ಶಕ್ತಿ.

ಆ ತಾಯಿಯ ಮನೆಗೆ ನಮ್ಮ ಸಭೆಯ ಹೆಂಗಸರು ಆಮೇಲೂ ಹೋಗುತ್ತಿದ್ದರು. ತಿಂಗಳುಗಟ್ಟಲೆ ಅವರಿಗೆ ಪ್ರಾರ್ಥನೆ ಮಾಡಲು ಆಗುತ್ತಿರಲಿಲ್ಲ. ಉಳಿದವರು ಅವರ ಪಕ್ಕದಲ್ಲಿ ಕುಳಿತು ಮಾಡಿದರು. ವಿಶ್ವಾಸಪ್ರಮಾಣಗಳಲ್ಲಿ ಅಪೊಸ್ತಲರದು ‘ನಾನು ನಂಬುತ್ತೇನೆ’ ಎಂದು ಶುರುವಾಗುತ್ತದೆ. 325ರಲ್ಲಿ ನಿಕೇಯದಲ್ಲಿ ಕೂಡಿದ ಬಿಷಪ್ಪರು ಒಪ್ಪಿದ ಪ್ರಮಾಣದ ಗ್ರೀಕ್ ಮೂಲದ ಮೊದಲ ಪದ ‘ನಾವು ನಂಬುತ್ತೇವೆ’. ಆ ‘ನಾವು’ ಏನೆಂದು ನನಗೆ ತಿಳಿದದ್ದು ಆ ಮನೆಯಲ್ಲಿ. ಈಗ ತರಗತಿಯ ಕೊನೆಯ ಪಾಠಕ್ಕೆ ನಾನು ಮಾರ್ಕನ 2ನೆಯ ಅಧ್ಯಾಯವನ್ನು ಇಟ್ಟುಕೊಂಡಿದ್ದೇನೆ. ಕಪೆರ್ನೌಮಿನ ಒಂದು ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆ ಹತ್ತಿ, ಚಾವಣಿ ಬಿಚ್ಚಿ, ಹಾಸಿಗೆಯನ್ನು ಕೆಳಗಿಳಿಸುತ್ತಾರೆ. ಯೇಸು ‘ಅವರ’ ನಂಬಿಕೆಯನ್ನು ನೋಡಿ ರೋಗಿಯೊಡನೆ ಮಾತಾಡಿದನೆಂದು ವಾಕ್ಯ ಹೇಳುತ್ತದೆ. ಹಾಸಿಗೆಯ ಮೇಲಿದ್ದವನು ಆ ಕಥೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದು ಮಾತನ್ನೂ ಆಡುವುದಿಲ್ಲ.